ಎರೆಹೊಲಕ್ಕೆ ಇಳಿದ ಕಬ್ಬಿಣದ ಎತ್ತು

ಎಳ್ಳು ಅಮಾವಾಸ್ಯೆಯ ದಿನ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹೊಲದ ದಾರಿಗಳಲ್ಲಿ ನಿಂತು ನೋಡಿದರೆ ಎರಡು ಕಾಲಗಳು ಒಟ್ಟಿಗೆ ಸಾಗುವುದು ಕಾಣುತ್ತದೆ. ಭಜ್ಜಿ, ಸಜ್ಜೆ ಕಡುಬು, ಅಂಬಲಿಯ ಗಡಿಗೆ ಇಟ್ಟುಕೊಂಡ ಎತ್ತಿನ ಬಂಡಿ ಮುಂದೆ ಹೋದರೆ, ಮಕ್ಕಳು ಮರಿಗಳನ್ನು ತುಂಬಿಕೊಂಡ ಟ್ರ್ಯಾಕ್ಟರ್ ಅದರ ಹಿಂದೆ ಬರುತ್ತದೆ. ಎರಡೂ ಹೊರಟಿರುವುದು ಚರಗ ಚೆಲ್ಲುವುದಕ್ಕೇ. ಎತ್ತಿನ ಚರಿತ್ರೆ ಹಾಡು, ಗಾದೆ, ಹಬ್ಬಗಳಲ್ಲಿ ಉಳಿದಿದೆ. ಕಾರಹುಣ್ಣಿಮೆ ಅದರದೇ ಹಬ್ಬ. ಆದರೆ ಎತ್ತಿನ ನೊಗವನ್ನು ಇಳಿಸಿದ ಟ್ರ್ಯಾಕ್ಟರಿನ ಚರಿತ್ರೆಯನ್ನು ಬರೆದಿಟ್ಟವರು ಕಡಿಮೆ. ಮೊದಲ ತಲೆಮಾರಿನ ಯಂತ್ರಗಳು ಒಂದೊಂದಾಗಿ ಗುಜರಿ ಸೇರುತ್ತಿರುವಾಗ ಆ ಚರಿತ್ರೆಯೂ ಅವುಗಳೊಂದಿಗೆ ತೂಕಕ್ಕೆ ಮಾರಾಟವಾಗುತ್ತಿದೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತದಲ್ಲಿ ಟ್ರ್ಯಾಕ್ಟರ್ ತಯಾರಾಗುತ್ತಿರಲಿಲ್ಲ. ಎರಡನೇ ಮಹಾಯುದ್ಧದ ನಂತರ ಸೇನೆಗಳು ಬಿಟ್ಟುಹೋದ ಭಾರೀ ಯಂತ್ರಗಳನ್ನು ಇಟ್ಟುಕೊಂಡು ಸರ್ಕಾರ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆಯನ್ನು ಕಟ್ಟಿತು. ಆಳಕ್ಕೆ ಬೇರು ಬಿಟ್ಟ ಕಾಂಸ್ ಹುಲ್ಲನ್ನು ಕಿತ್ತು ಬೀಳುಭೂಮಿಯನ್ನು ಸಾಗುವಳಿಗೆ ತರುವುದು ಅದರ ಮುಖ್ಯ ಕೆಲಸವಾಗಿತ್ತು. 1949ರಲ್ಲಿ ವಿಶ್ವಬ್ಯಾಂಕ್ ಭಾರತಕ್ಕೆ ಕೊಟ್ಟ ಒಂದು ಕೋಟಿ ಡಾಲರ್ ಸಾಲ ಇದೇ ಕೆಲಸದ ಯಂತ್ರಗಳಿಗಾಗಿ. 1951ರಲ್ಲಿ ಇಡೀ ದೇಶದಲ್ಲಿದ್ದ ಟ್ರ್ಯಾಕ್ಟರ್‌ಗಳು ಸುಮಾರು 8,600. 1961ರ ಹೊತ್ತಿಗೆ ಸುಮಾರು 31,000. ಇಂದು ವರ್ಷವೊಂದಕ್ಕೆ ಲಕ್ಷಗಟ್ಟಲೆ ಟ್ರ್ಯಾಕ್ಟರ್ ತಯಾರಿಸುವ ದೇಶದಲ್ಲಿ ಅಂದಿನ ಈ ಅಂಕಿ ಒಂದು ಜಿಲ್ಲೆಯ ಲೆಕ್ಕದಂತೆ ತೋರುತ್ತದೆ.

1959ರ ಏಪ್ರಿಲ್ 24ರಂದು ಫರೀದಾಬಾದಿನ ಕಾರ್ಖಾನೆಯಿಂದ ಐಷರ್ ಟ್ರ್ಯಾಕ್ಟರ್ ಹೊರಬಂದಾಗ ದೇಶೀಯ ತಯಾರಿಕೆಯ ಯುಗ ಆರಂಭವಾಯಿತು. ಮುಂದಿನ ಒಂದೂವರೆ ದಶಕದಲ್ಲಿ ಮದ್ರಾಸಿನ ಟಾಫೆ, ಮಹೀಂದ್ರಾ ಜೊತೆಗೂಡಿದ ಇಂಟರ್‌ನ್ಯಾಷನಲ್, ಎಸ್ಕಾರ್ಟ್ಸ್, ಎಚ್‌ಎಂಟಿ ಕಣಕ್ಕಿಳಿದವು. 1974ರಲ್ಲಿ ಬಂದ ಸ್ವರಾಜ್, ವಿನ್ಯಾಸವೂ ಇಲ್ಲಿಯದೇ ಆಗಿದ್ದ ಯಂತ್ರ. ಉಳಿದವುಗಳ ಮೂಲ ಇಂಗ್ಲೆಂಡ್, ಅಮೆರಿಕ, ಜರ್ಮನಿ, ಪೋಲೆಂಡ್, ಚೆಕೊಸ್ಲೊವಾಕಿಯಾಗಳಲ್ಲಿತ್ತು. ಹಳ್ಳಿಯ ಬಾಯಲ್ಲಿ ಈ ಹೆಸರುಗಳೆಲ್ಲ ಮೊಟಕಾದವು. ಮೆಸ್ಸಿ ಫರ್ಗ್ಯುಸನ್ ‘ಮ್ಯಾಸಿ’ಯಾಯಿತು, ಜೆಟೋರ್ ‘ಜೀಟರ್’ ಆಯಿತು.

ಈ ಜೀಟರಿನ ಪೂರ್ವವೃತ್ತಾಂತ ಸ್ವಾರಸ್ಯಕರವಾಗಿದೆ. ಚೆಕೊಸ್ಲೊವಾಕಿಯಾದ ಬ್ರನೋ ನಗರದಲ್ಲಿ ಬಂದೂಕು ತಯಾರಿಸುತ್ತಿದ್ದ ಜ್ಬ್ರೊಯೊವ್ಕಾ ಕಾರ್ಖಾನೆ ಯುದ್ಧ ಮುಗಿದ ಮೇಲೆ, 1946ರಲ್ಲಿ, ಟ್ರ್ಯಾಕ್ಟರ್ ಮಾರತೊಡಗಿತು. ಕಾರ್ಖಾನೆಯ ಹೆಸರಿನ ಮೊದಲಕ್ಷರಕ್ಕೆ ಟ್ರ್ಯಾಕ್ಟರಿನ ಕೊನೆ ಸೇರಿ ಜೆಟೋರ್ ಎಂಬ ಹೆಸರು ಹುಟ್ಟಿತು. ಆ ತಂತ್ರಜ್ಞಾನ ಪಡೆದು ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ 25 ಅಶ್ವಶಕ್ತಿಯ ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿತು. ಬೆಂಗಳೂರಿನ ಆ ಸಂಸ್ಥೆಯ ಗುರುತು ರೈತನ ಮುಂಗೈಯ ಗಡಿಯಾರದ ಮೇಲೂ ಇತ್ತು, ಅವನ ಟ್ರ್ಯಾಕ್ಟರಿನ ಮೂತಿಯ ಮೇಲೂ ಇತ್ತು. 2016ರಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿಗೆ ನೀಡಿತು. ಹೀಗಾಗಿ ಹೊಲದಲ್ಲಿ ಇನ್ನೂ ದುಡಿಯುತ್ತಿರುವ ಎಚ್‌ಎಂಟಿಗಳು ತವರುಮನೆ ಇಲ್ಲದ ಯಂತ್ರಗಳು.

ಎರೆಭೂಮಿಗೂ ಟ್ರ್ಯಾಕ್ಟರಿಗೂ ಇರುವ ಸಂಬಂಧ ಸರಳವಾದುದಲ್ಲ. ಭೀಮಾ ತೀರದ ಈ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಅದರೊಳಗೆ ಆಳಕ್ಕೆ ಇಳಿದ ಕರಿಕೆಯ ಬೇರನ್ನು ಕೀಳಲು ಹಿಂದೆ ಆಳುಗಳು ಸಾಲುಗಟ್ಟಿ ನಿಂತು ಹೊಲ ಅಗೆಯಬೇಕಿತ್ತು, ಇಲ್ಲವೇ ಹಲವು ಜೋಡಿ ಎತ್ತು ಹೂಡಬೇಕಿತ್ತು. ಬೇಸಿಗೆಯಲ್ಲಿ ಟ್ರ್ಯಾಕ್ಟರಿನ ನೇಗಿಲು ಆ ಕೆಲಸವನ್ನು ಸುಲಭ ಮಾಡಿತು. ಆದರೆ ಅದೇ ಮಣ್ಣು ಹಸಿಯಾದಾಗ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಭಾರಕ್ಕೆ ನೆಲ ಗಟ್ಟಿಯಾಗಿ ಬೇರಿಗೆ ಗಾಳಿ, ನೀರು ಇಳಿಯುವುದಿಲ್ಲ. ತೊಗರಿ, ಜೋಳದ ಸಾಲುಗಳ ನಡುವೆ ಎಡೆ ಹೊಡೆಯುವುದಕ್ಕೆ ಎತ್ತು ಬಹುಕಾಲ ಉಳಿದುಕೊಂಡದ್ದು ಇದರಿಂದಲೇ.

ಗಟ್ಟಿ ನೆಲದಲ್ಲಿ ನೇಗಿಲು ಸಿಕ್ಕಿಕೊಂಡರೆ ಆರಂಭಕಾಲದ ಟ್ರ್ಯಾಕ್ಟರುಗಳು ಮೂತಿ ಎತ್ತಿ ಹಿಂದಕ್ಕೆ ಮಗುಚಿಬೀಳುತ್ತಿದ್ದವು. ಹ್ಯಾರಿ ಫರ್ಗ್ಯುಸನ್ ಇದಕ್ಕೊಂದು ಪರಿಹಾರ ಹುಡುಕಿದರು. ನೇಗಿಲನ್ನು ಸರಪಳಿಯಿಂದ ಎಳೆಯುವ ಬದಲು ಮೂರು ತೋಳುಗಳಿಂದ ಟ್ರ್ಯಾಕ್ಟರಿಗೇ ಜೋಡಿಸಿದರು. ನೇಗಿಲಿನ ಮೇಲೆ ಎಳೆತ ಹೆಚ್ಚಾದರೆ ಮೇಲಿನ ತೋಳು ಅದನ್ನು ಗ್ರಹಿಸುತ್ತದೆ. ಹೈಡ್ರಾಲಿಕ್ ನೇಗಿಲನ್ನು ತುಸು ಎತ್ತುತ್ತದೆ. ಭಾರ ಹಿಂದಿನ ಚಕ್ರಗಳ ಮೇಲೆ ಬಿದ್ದು ಹಿಡಿತ ಸಿಗುತ್ತದೆ. 1936ರಲ್ಲಿ ಮಾರಾಟಕ್ಕೆ ಬಂದ ಈ ಏರ್ಪಾಡೇ ಇಂದಿನ ಟ್ರ್ಯಾಕ್ಟರುಗಳ ಹಿಂಭಾಗದ ತಾಯಿಬೇರು. ಹಗುರವಾದ ಯಂತ್ರ ಭಾರದ ಕೆಲಸ ಮಾಡಬಲ್ಲದು ಎಂಬುದು ಇದರಿಂದ ಸಾಬೀತಾಯಿತು. ಸರ್ ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ತಲುಪಿದ್ದು ಫರ್ಗ್ಯುಸನ್ ಟ್ರ್ಯಾಕ್ಟರುಗಳ ಮೇಲೆಯೇ.

ಹಳೆಯ ಟ್ರ್ಯಾಕ್ಟರ್ ಇಷ್ಟು ಕಾಲ ಬದುಕಲು ಅದರ ಸರಳತೆ ಕಾರಣ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಬ್ಯಾಟರಿ ಸತ್ತರೂ ಇಳಿಜಾರಿನಲ್ಲಿ ದಬ್ಬಿದರೆ ಶುರುವಾಗುತ್ತದೆ. ಒಮ್ಮೆ ಶುರುವಾದ ಮೇಲೆ ವಿದ್ಯುತ್ತಿನ ಹಂಗಿಲ್ಲದೆ ಓಡುತ್ತದೆ. ಒಂದೇ ಸಿಲಿಂಡರಿನ ಹಳೆಯ ಐಷರಿಗೆ ಗಾಳಿಯೇ ತಂಪು. ರೇಡಿಯೇಟರ್ ಇಲ್ಲ, ನೀರು ಹಾಕುವ ಚಿಂತೆ ಇಲ್ಲ. ವರ್ಷಗಟ್ಟಲೆ ನಿಂತು ಬಿಗಿದುಕೊಂಡ ಎಂಜಿನ್ನನ್ನು ಎಬ್ಬಿಸಲು ಮಾತ್ರ ತಾಳ್ಮೆ ಬೇಕು. ನಾಝಲ್ ಬಿಚ್ಚಿ ಸಿಲಿಂಡರಿಗೆ ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಡಬೇಕು. ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಅವಸರಪಟ್ಟು ಗೇರಿನಲ್ಲಿಟ್ಟು ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಿದರೆ ರಿಂಗು ಮುರಿಯಬಹುದು, ಕನೆಕ್ಟಿಂಗ್ ರಾಡ್ ಬಾಗಬಹುದು. ಟ್ಯಾಂಕಿನ ತುಕ್ಕು ತೊಳೆದು, ಫಿಲ್ಟರ್ ಬದಲಿಸಿ, ಡೀಸೆಲ್ ಕೊಳವೆಯ ಗಾಳಿ ತೆಗೆದ ಮೇಲೆಯೇ ಸ್ಟಾರ್ಟರಿಗೆ ಕೈ ಹಚ್ಚುವುದು. ಎರೆಹೊಲದ ಧೂಳು ಎಂಜಿನ್ನಿನ ದೊಡ್ಡ ಶತ್ರು. ಏರ್ ಕ್ಲೀನರಿನ ಎಣ್ಣೆ ಬದಲಿಸದವನು ಬಹುಬೇಗ ಬೋರ್ ಕೆಲಸಕ್ಕೆ ಹಣ ತೆರುತ್ತಾನೆ.

ಇಲ್ಲೊಂದು ಎಚ್ಚರಿಕೆಯ ಮಾತೂ ಅಗತ್ಯ. ಟ್ರ್ಯಾಕ್ಟರಿನ ಹಿಂದೆ ರಾಶಿ ಮಷಿನ್ ತಿರುಗಿಸುವ ಪಿಟಿಒ ದಂಡ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಹಳೆಯ ಯಂತ್ರಗಳಲ್ಲಿ ಅದರ ಮುಚ್ಚಳ ಎಂದೋ ಕಳೆದುಹೋಗಿರುತ್ತದೆ. ಧೋತರದ ಚುಂಗು, ಸೀರೆಯ ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳುವುದಕ್ಕೆ ಸಮಯ ಇರುವುದಿಲ್ಲ. ದುರಸ್ತಿ ಎಂದರೆ ಮೊದಲು ಆ ಮುಚ್ಚಳವನ್ನು ಹಾಕಿಸುವುದು.

ವಿದೇಶಗಳಲ್ಲಿ ಹಳೆಯ ಟ್ರ್ಯಾಕ್ಟರ್ ಸಂಗ್ರಹಿಸುವವರು ಮೂಲ ಬಣ್ಣ, ಮೂಲ ಬೋಲ್ಟುಗಳಿಗಾಗಿ ಊರೂರು ಅಲೆಯುತ್ತಾರೆ. ವರ್ಷಕ್ಕೊಮ್ಮೆ ಮೇಳ ನಡೆಸಿ ಉಳುಮೆ ಮಾಡಿ ತೋರಿಸುತ್ತಾರೆ. ಇಲ್ಲಿಯ ರೀತಿ ಬೇರೆ. ಹಳ್ಳಿಯ ಮಿಸ್ತ್ರಿಗೆ ಯಂತ್ರ ಹೊಲಕ್ಕೆ ಇಳಿದರೆ ಸಾಕು. ಒಂದರ ಬಾನೆಟ್ಟು ಇನ್ನೊಂದಕ್ಕೆ ಕೂರುತ್ತದೆ. ಮುರಿದ ಸೀಟಿಗೆ ವೆಲ್ಡಿಂಗ್ ಬೀಳುತ್ತದೆ. ಮೂಲ ಬಣ್ಣದ ಮೇಲೆ ಮನೆದೇವರ ಹೆಸರು ಬರುತ್ತದೆ. ಸಂಗ್ರಾಹಕನ ಕಣ್ಣಿಗೆ ಇದು ಕೆಟ್ಟ ಯಂತ್ರ. ಚರಿತ್ರೆ ಓದುವವನ ಕಣ್ಣಿಗೆ ಪ್ರತಿ ವೆಲ್ಡಿಂಗ್ ಗುರುತೂ ಒಂದೊಂದು ಸುಗ್ಗಿಯ ದಾಖಲೆ.

ಕಾನೂನಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. 50 ವರ್ಷ ದಾಟಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ನಿಯಮ ಬಂತು. ಮೂಲ ಸ್ವರೂಪ ಉಳಿದಿರಬೇಕು, ದಿನಬಳಕೆಗಾಗಲೀ ವ್ಯಾಪಾರಕ್ಕಾಗಲೀ ರಸ್ತೆಗೆ ಇಳಿಸಬಾರದು ಎಂಬುದು ಅದರ ಷರತ್ತು. ದುಡಿಯುತ್ತಲೇ ಮುದಿಯಾದ ಟ್ರ್ಯಾಕ್ಟರಿಗೆ ಈ ಅಂಗಿ ಒಪ್ಪುವುದಿಲ್ಲ. ಗೌರವ ಬೇಕಾದರೆ ಕೆಲಸ ಬಿಡಬೇಕು. ಕೆಲಸ ಬಿಟ್ಟ ಯಂತ್ರವನ್ನು ಸಾಕುವ ಶಕ್ತಿ ಒಣಬೇಸಾಯದ ರೈತನಿಗಿಲ್ಲ.

ಧರ್ಮಸ್ಥಳದಲ್ಲಿ ಹಳೆಯ ಕಾರುಗಳಿಗೆ ಚೆಂದದ ಸಂಗ್ರಹಾಲಯವಿದೆ. ಕಾರು ಕೆಲವೇ ಮನೆತನಗಳ ವೈಭವ ಹೇಳುತ್ತದೆ. ಟ್ರ್ಯಾಕ್ಟರ್ ಒಂದು ಸೀಮೆಯ ಬದುಕೇ ಬದಲಾದ ಕಥೆ ಹೇಳುತ್ತದೆ. ಭೂ ಅಭಿವೃದ್ಧಿ ಬ್ಯಾಂಕಿನ ಸಾಲದ ಕಾಗದ, ಆರ್‌ಸಿ ಬುಕ್ಕು, ಮೊದಲ ದಿನ ಕುಂಕುಮ ಹಚ್ಚಿ ತೆಗೆಸಿದ ಫೋಟೊ, ಯಾವ ಎತ್ತಿನ ಜೋಡಿ ಮಾರಿ ಮುಂಗಡ ಕಟ್ಟಿದರೆಂಬ ಅಜ್ಜನ ನೆನಪು ಇವೆಲ್ಲ ಆ ಕಥೆಯ ಪುಟಗಳು. ತಾಲ್ಲೂಕಿಗೊಂದು ಯಂತ್ರವನ್ನಾದರೂ ಈ ಕಾಗದಗಳ ಸಮೇತ ಶಾಲೆಯ ಅಂಗಳದಲ್ಲೋ ಕೃಷಿ ಕೇಂದ್ರದ ನೆರಳಿನಲ್ಲೋ ನಿಲ್ಲಿಸುವುದಕ್ಕೆ ದೊಡ್ಡ ವೆಚ್ಚವೇನೂ ಬೇಡ. ಗುಜರಿ ಅಂಗಡಿಯವನು ಕೊಡುವುದು ಕಬ್ಬಿಣದ ಬೆಲೆಯನ್ನಷ್ಟೇ. ಉಳಿದದ್ದರ ಬೆಲೆ ಕಟ್ಟಬೇಕಾದವರು ಊರಿನವರೇ.