ಹೊಳೆಯಾಚೆಯ ಜಿಂಗ್‌ಆನ್

ಶಾಂಘೈ ನಗರದೊಳಗೆ ಸುಝೌ ಹೊಳೆ ಹರಿಯುತ್ತದೆ. ತೆಂಕಣ ದಡದ ಜಿಂಗ್‌ಆನ್ ಎಂದರೆ ಹಳೆಯ ಬೌದ್ಧ ದೇವಾಲಯ, ಸಾಲುಮರದ ರಸ್ತೆ, ದುಬಾರಿ ಅಂಗಡಿ. ಬಡಗಣ ದಡದ ಜಾಬೇ ಎಂದರೆ ರೈಲು ನಿಲ್ದಾಣ, ಕಾರ್ಖಾನೆ, ಕೂಲಿಕಾರರ ವಠಾರ. ಊರಿನವರ ಬಾಯಲ್ಲಿ ಒಂದು ‘ಮೇಲಿನ ಮೂಲೆ’, ಇನ್ನೊಂದು ‘ಕೆಳಗಿನ ಮೂಲೆ’. 2015ರಲ್ಲಿ ಸರ್ಕಾರ ಈ ಎರಡು ನಗರ ವಿಭಾಗಗಳನ್ನೂ ಕೂಡಿಸಿತು. ಉಳಿದ ಹೆಸರು ಯಾವುದೆಂದು ಹೇಳಬೇಕಿಲ್ಲ.

ಇಂಥ ನಗರ ವಿಭಾಗಕ್ಕೆ ಚೀನೀ ಭಾಷೆಯಲ್ಲಿ ‘ಚ್ಯೂ’ ಎನ್ನುತ್ತಾರೆ. ಜಿಲ್ಲೆ ಎಂದರೆ ನಮಗೆ ದಾರಿ ತಪ್ಪುತ್ತದೆ, ವಾರ್ಡ್ ಎಂದರೆ ಇನ್ನೂ ತಪ್ಪುತ್ತದೆ. ನಗರದ ಹೊಟ್ಟೆಯೊಳಗೇ ಇದ್ದರೂ ಅದಕ್ಕೆ ತನ್ನದೇ ಸರ್ಕಾರ, ಜನಪ್ರತಿನಿಧಿ ಸಭೆ, ಬಜೆಟ್, ನ್ಯಾಯಾಲಯ ಉಂಟು. ಎಲ್ಲರ ತಲೆಯ ಮೇಲೆ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ. ದೇಶದಲ್ಲಿ ಇಂಥ ಚ್ಯೂಗಳು ಒಂಬೈನೂರಕ್ಕೂ ಹೆಚ್ಚು. ಸಾಮಾನ್ಯ ನಗರದ ಚ್ಯೂ, ಹಳ್ಳಿ-ಪಟ್ಟಣಗಳನ್ನು ಆಳುವ ಕೌಂಟಿ ಎಂಬ ಘಟಕಕ್ಕೆ ದರ್ಜೆಯಲ್ಲಿ ಸಮ. ಆದರೆ ಕೇಂದ್ರದ ನೇರ ಹಿಡಿತದಲ್ಲಿರುವ ಬೀಜಿಂಗ್, ಶಾಂಘೈ, ಥಿಯಾನ್‌ಜಿನ್, ಚೊಂಗ್‌ಚಿಂಗ್‌ಗಳಲ್ಲಿ ಚ್ಯೂ ಮುಖ್ಯಸ್ಥನ ದರ್ಜೆ ಬೇರೆಡೆ ಇಡೀ ನಗರದ ಮೇಯರ್‌ಗೆ ಸಮ. ಚ್ಯೂ ಕೆಳಗೆ ಬೀದಿ ಕಚೇರಿ. ಅದು ಸರ್ಕಾರವಲ್ಲ, ಚ್ಯೂ ಚಾಚಿದ ಕೈ. ಅದರಿಂದಾಚೆಗೆ ನಿವಾಸಿಗಳ ಸಮಿತಿ, ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಓಣಿ ಕಾಯುವ ಹಿರಿಯ ಹೆಂಗಸರು. ಯಾರ ಮನೆಗೆ ಯಾರು ಬಂದರೆಂದು ಇವರಿಗೆ ಗೊತ್ತಾಗದೆ ಇರುವುದಿಲ್ಲ.

ಕೌಂಟಿ ಹೋಗಿ ಚ್ಯೂ ಆದರೆ ಬಡ್ತಿ ಸಿಕ್ಕಂತೆ ಕಾಣುತ್ತದೆ. ಆದರೆ 2013ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಚಾಂಗ್‌ಶಿಂಗ್ ಕೌಂಟಿಯನ್ನು ಹುಝೌ ನಗರದ ಚ್ಯೂ ಮಾಡಹೊರಟಾಗ ಅಲ್ಲಿನ ಅಧಿಕಾರಿಗಳೇ ತಿರುಗಿಬಿದ್ದರು. ಆ ಪ್ರಾಂತ್ಯದಲ್ಲಿ ಕೌಂಟಿಯ ಹಣದ ಲೆಕ್ಕ ನೇರವಾಗಿ ಪ್ರಾಂತ್ಯದ ಜೊತೆ. ಚ್ಯೂ ಆದರೆ ಜಮೀನಿಗೂ ನಗರ ಯೋಜನೆಗೂ ತೆರಿಗೆಯ ಪಾಲಿಗೂ ಹುಝೌ ಮುಂದೆ ಕೈಕಟ್ಟಿ ನಿಲ್ಲಬೇಕು. ಪ್ರಸ್ತಾವ ಮೂಲೆಗೆ ಬಿತ್ತು. ಚಾಂಗ್‌ಶಿಂಗ್ ಇಂದಿಗೂ ಕೌಂಟಿಯೇ.

ಹಾಗೆ ತಪ್ಪಿಸಿಕೊಂಡು ಹೆಸರು ಉಳಿಸಿಕೊಳ್ಳುವ ಯೋಗ ಜಾಬೇಗೆ ಇರಲಿಲ್ಲ. ‘ಜಾ’ ಎಂದರೆ ತೂಬು, ‘ಬೇ’ ಎಂದರೆ ಉತ್ತರ. ಹೊಳೆಯ ತೂಬಿನ ಬಡಗಣ ನೆಲ ಅದು. 1932ರಲ್ಲಿ ಜಪಾನಿ ವಿಮಾನಗಳು ಬಾಂಬು ಸುರಿದದ್ದು ಇಲ್ಲಿಯೇ. 1937ರ ಅಕ್ಟೋಬರ್ ಕೊನೆಗೆ ಹೊಳೆದಂಡೆಯ ಸಿಹಾಂಗ್ ಗೋದಾಮಿನಲ್ಲಿ ನಾಲ್ಕುನೂರು ಚಿಲ್ಲರೆ ಚೀನೀ ಸೈನಿಕರು ಮುತ್ತಿಗೆಯನ್ನು ತಡೆದು ನಿಂತಾಗ, ಎದುರು ದಡದಲ್ಲಿ, ವಿದೇಶಿಯರ ಆಡಳಿತವಿದ್ದ ವಸಾಹತಿನಲ್ಲಿ ಜನ ಗುಂಪುಗೂಡಿ ನೋಡುತ್ತಿದ್ದರು. ಯುದ್ಧ ಆಚೆ, ವ್ಯಾಪಾರ ಈಚೆ. ಮೇಲು ಮೂಲೆ, ಕೆಳ ಮೂಲೆ ಎಂಬ ಮಾತಿನ ಬೇರು ಈ ಗಡಿಯಲ್ಲೇ ಇದೆ ಎನಿಸುತ್ತದೆ ನನಗೆ.

ಗೋದಾಮಿನ ಪಡುವಣ ಗೋಡೆಯಲ್ಲಿ ಗುಂಡು, ಶೆಲ್ಲುಗಳು ಕೊರೆದ ತೂತುಗಳನ್ನು ಮತ್ತೆ ಬಯಲಿಗೆ ತಂದು 2015ರ ಆಗಸ್ಟ್‌ನಲ್ಲಿ ಸ್ಮಾರಕ ತೆರೆದರು. ಕೆಲವೇ ತಿಂಗಳಲ್ಲಿ ಆ ಗೋಡೆಯ ವಿಳಾಸವೂ ಜಿಂಗ್‌ಆನ್ ಆಯಿತು. ಆದರೂ ಮನೆ ಮಾರಾಟದ ಮಾತು ಬಂದಾಗ ಊರವರು ಬರೀ ಜಿಂಗ್‌ಆನ್ ಎಂದರೆ ಒಪ್ಪುವುದಿಲ್ಲ: ಹಳೇ ಜಿಂಗ್‌ಆನೋ, ಹೊಸದೋ?