ಕಟ್ಟುವ ಮಾತು, ಕೆಡಹುವ ಮಾತು



"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೂ ದಿನಕ್ಕೆ ನಾವು ಆಡುವ ಎಷ್ಟು ಮಾತು ಒಬ್ಬರನ್ನು ಎತ್ತಿ ನಿಲ್ಲಿಸುತ್ತದೆ, ಎಷ್ಟು ಮಾತು ಕೆಡವುತ್ತದೆ ಎಂದು ಲೆಕ್ಕ ನೋಡುವವರು ಕಡಿಮೆ. ಸಂಘದಲ್ಲಿ ಉಳಿತಾಯದ ಲೆಕ್ಕ ಇಡುವ ನಾವು ಮಾತಿನ ಲೆಕ್ಕವನ್ನೂ ಸ್ವಲ್ಪ ನೋಡೋಣ.

ಪವಿತ್ರ ಗ್ರಂಥದ ಬೋಧನೆ

ಸಂತ ಪೌಲರು ಎಫೆಸದ ಕ್ರೈಸ್ತರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ, ಕೇಳುವವರನ್ನು ಬೆಳೆಸುವ, ಆ ಹೊತ್ತಿಗೆ ಉಪಯೋಗವಾಗುವ ಮಾತನ್ನೇ ಆಡಬೇಕೆಂದು ತಿಳಿಸುತ್ತಾರೆ. ಸಂತ ಯಾಕೋಬರು ನಾಲಿಗೆಯನ್ನು ಕಾಡು ಸುಡುವ ಸಣ್ಣ ಕಿಡಿಗೆ ಹೋಲಿಸುತ್ತಾರೆ. ಭಾನುವಾರ ಪೂಜೆಯಲ್ಲಿ ದೇವರನ್ನು ಹಾಡಿ ಹೊಗಳಿದ ಬಾಯಿ ಸೋಮವಾರ ನಲ್ಲಿ ಹತ್ತಿರ ನೆರೆಯವರನ್ನು ಶಪಿಸಬಹುದೇ?

ಆದಿ ಸಭೆಯಲ್ಲಿ ಯೋಸೇಫ ಎಂಬವರಿಗೆ ಪ್ರೇಷಿತರು ಬಾರ್ನಬ ಎಂದು ಹೆಸರಿಟ್ಟರು. ಧೈರ್ಯ ತುಂಬುವವನು ಎಂದು ಅದರ ಅರ್ಥ. ಕ್ರೈಸ್ತರನ್ನು ಹಿಂಸಿಸಿದ್ದ ಸೌಲ ಮನಪರಿವರ್ತನೆ ಹೊಂದಿ ಜೆರುಸಲೇಮಿಗೆ ಬಂದಾಗ ಎಲ್ಲರೂ ಹೆದರಿ ದೂರ ಸರಿದರು. ಬಾರ್ನಬ ಮಾತ್ರ ಅವರನ್ನು ಪ್ರೇಷಿತರ ಬಳಿಗೆ ಕರೆದೊಯ್ದು ಅವರ ಪರ ಮಾತಾಡಿದರು. ಆ ಸೌಲರೇ ಸಂತ ಪೌಲರು. ಒಬ್ಬರ ಒಳ್ಳೆ ಮಾತು ಎಲ್ಲಿಯ ತನಕ ಮುಟ್ಟಿತು ನೋಡಿ!

ಹೊಗಳಿಕೆಯಲ್ಲ, ಪ್ರೋತ್ಸಾಹ

ಪ್ರೋತ್ಸಾಹ ಅಂದರೆ ಸುಳ್ಳು ಹೊಗಳಿಕೆಯಲ್ಲ. ಸತ್ಯವನ್ನೇ ಹೇಳಬೇಕು, ಆದರೆ ಎದುರಿಗಿರುವವರು ಮತ್ತೆ ಏಳುವ ಹಾಗೆ ಹೇಳಬೇಕು. ಆಲೂಗೆಡ್ಡೆಗೆ ಅಂಗಮಾರಿ ರೋಗ ಬಿದ್ದು ಒಬ್ಬ ಸದಸ್ಯೆ ಸಾಲದ ಕಂತು ಕಟ್ಟಲಿಲ್ಲ ಎನ್ನಿ. "ಯೋಗ್ಯತೆ ಇಲ್ದೋಳು ಸಾಲ ಯಾಕ್ ತಗೊಂಡೆ?" ಎಂದು ಸಭೆಯಲ್ಲಿ ಕೇಳಿದರೆ ಅವಳು ಮುಂದಿನ ವಾರ ಬರುವುದೇ ಇಲ್ಲ. "ಏನ್ ತೊಂದ್ರೆ ಆಯ್ತಕ್ಕ? ಮುಂದಿನ ವಾರ ಎಷ್ಟು ಕಟ್ಟಕ್ಕಾಗುತ್ತೆ?" ಎಂದರೆ ಕಂತಿನ ವಿಷಯವೂ ಬಿಡಲಿಲ್ಲ, ಅವಳ ಮಾನವೂ ಹೋಗಲಿಲ್ಲ.

ತಮಾಷೆಯಲ್ಲೂ ಈ ಎಚ್ಚರ ಬೇಕು. ನಮ್ಮೂರಿನ ಡಾ. ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904-1991) ಅವರು ಹಳ್ಳಿಯ ಜನರ ಬಗ್ಗೆ ಬರೆದು ನಾಡನ್ನೆಲ್ಲ ನಗಿಸಿದರು. ಆ ನಗುವಿನಲ್ಲಿ ಜನರ ಮೇಲೆ ಪ್ರೀತಿ ಇತ್ತು. ನಗಿಸುವುದು ಬೇರೆ, ಒಬ್ಬರ ಬಣ್ಣ, ಜಾತಿ, ಬಡತನ ಹಿಡಿದು ನಗೆಪಾಟಲು ಮಾಡುವುದು ಬೇರೆ.

ಮಕ್ಕಳ ಫಲಿತಾಂಶದ ದಿನ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ದಿನ ತಂದೆತಾಯಿಯರ ಬಾಯಿಂದ ಬರುವ ಮೊದಲ ಮಾತು ಬಹಳ ಮುಖ್ಯ. "ಎಮ್ಮೆ ಕಾಯೋಕ್ ಹೋಗು, ಪಕ್ಕದ್ಮನೆ ಹುಡುಗೀನ್ ನೋಡು" ಎಂಬ ಮಾತು ನಮಗೆ ಸಂಜೆಗೆ ಮರೆತುಹೋಗುತ್ತದೆ, ಮಗುವಿಗೆ ಮರೆಯುವುದಿಲ್ಲ. ಮೊದಲೇ ಕುಗ್ಗಿರುವ ಮಗು ಆ ರಾತ್ರಿ ಪ್ರಾಣಕ್ಕೇ ಅಪಾಯ ತಂದುಕೊಳ್ಳಬಹುದು. "ಮೊದ್ಲು ಊಟ ಮಾಡು ಮಗಾ, ಯಾವ ವಿಷಯ ಹೋಯ್ತು ನೋಡೋಣ" ಅನ್ನಿ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶವಿದೆ. ಮಗು ಮಾತು ಬಿಟ್ಟು, ಊಟ ಬಿಟ್ಟು ಕುಳಿತರೆ ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಸೌಮ್ಯ ಮಾತು ಅಂದರೆ ಮೌನವಲ್ಲ

ಕುಡಿದು ಹೊಡೆಯುವ ಗಂಡನ ಮನೆಯಿಂದ ಬಂದವಳಿಗೆ "ಸಹಿಸ್ಕೊಂಡು ಹೋಗಮ್ಮ" ಎನ್ನುವುದು ದಯೆಯ ಮಾತಲ್ಲ. ವಿಚಾರಣೆಯಲ್ಲಿ ಕೆನ್ನೆಗೆ ಹೊಡೆದವನನ್ನು ಯೇಸುಸ್ವಾಮಿ ಬೈಯಲಿಲ್ಲ, ಆದರೆ ಯಾಕೆ ಹೊಡೆದೆ ಎಂದು ಕೇಳಿದರು. ಅಂಥ ಸಹೋದರಿಯ ಮಾತನ್ನು ಪೂರ್ತಿ ಕೇಳಿ, ಮಹಿಳಾ ಸಹಾಯವಾಣಿ 181 ತಿಳಿಸಿ, ಜೊತೆಗೆ ಹೋಗಿ.

ಈ ವಾರದಿಂದಲೇ ಅಭ್ಯಾಸ ಮಾಡೋಣ

1. ಸಿಟ್ಟು ಬಂದಾಗ ಒಂದು ಲೋಟ ನೀರು ಕುಡಿದು ಆಮೇಲೆ ಮಾತಾಡುವುದು.
2. ತಪ್ಪನ್ನು ಒಬ್ಬರೇ ಇದ್ದಾಗ ಹೇಳುವುದು, ಒಳ್ಳೆಯದನ್ನು ನಾಲ್ಕು ಜನರ ಮುಂದೆ ಹೇಳುವುದು.
3. "ಒಳ್ಳೇದಾಯ್ತು" ಎಂದಷ್ಟೇ ಹೇಳದೆ, ಏನು ಒಳ್ಳೇದಾಯ್ತು ಎಂದು ಬಿಡಿಸಿ ಹೇಳುವುದು.
4. ಇಲ್ಲದವರ ಸುದ್ದಿ ಬಂದಾಗ ಬಾರ್ನಬರ ಹಾಗೆ ಅವರ ಪರ ಒಂದು ಮಾತಾಡುವುದು.
5. ಮನೆಯಲ್ಲೂ ದಯವಿಟ್ಟು, ವಂದನೆ, ಕ್ಷಮಿಸಿ ಎನ್ನುವುದು. ಈ ಮೂರು ಮಾತು ಕುಟುಂಬಕ್ಕೆ ಅಗತ್ಯವೆಂದು ಪೋಪ್ ಫ್ರಾನ್ಸಿಸರು 2016ರಲ್ಲಿ ಬರೆದರು.

ಇದಕ್ಕೆ ದುಡ್ಡು ಬೇಡ, ಸಾಲ ಬೇಡ, ಅರ್ಜಿ ಬೇಡ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯ ಒಬ್ಬರಿಗೆ ಒಂದು ಒಳ್ಳೆಯ ಮಾತು ಹೇಳಿ ಶುರುಮಾಡಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.