ಬೋರಿಗೆ ಬಂದ ಇಂಜಿನ್, ಮನೆ ಪಕ್ಕದ ಶೆಡ್

ಲೋಡ್ ಗಾಡಿ ಘಾಟಿ ಹತ್ತುವಾಗ ಎಳೆತ ಸಾಲುತ್ತಿಲ್ಲ. ಮೂರನೇ ಗೇರಿನಲ್ಲಿ ಸಲೀಸಾಗಿ ದಾಟುತ್ತಿದ್ದ ತಿರುವಿಗೆ ಈಗ ಎರಡನೇ ಗೇರು ಬೇಕು. ಹಿಂದೆ ನೀಲಿ ಹೊಗೆ, ಬೆಳಿಗ್ಗೆ ಸ್ಟಾರ್ಟ್ ಮಾಡಲು ತಕರಾರು, ಆಯಿಲ್ ಹಾಕಿದಷ್ಟೂ ಸಾಲದು. ಇಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಹೊಗೆ ಬುಸುಗುಟ್ಟುತ್ತದೆ. ಪಿಸ್ಟನ್ ರಿಂಗುಗಳು ಸವೆದು, ಉರಿದ ಗಾಳಿ ಅವನ್ನು ದಾಟಿ ಕೆಳಗಿಳಿಯುತ್ತಿರುವ ಗುರುತು ಇದು. ‘ಇಂಜಿನ್ ಬೋರಿಗೆ ಬಂದಿದೆ’ ಎಂದು ಒಳ್ಳೆಯ ಮೇಸ್ತ್ರಿ ಹೇಳುವುದು ಇಷ್ಟನ್ನೂ ನೋಡಿದ ಮೇಲೆಯೇ. ಕಪ್ಪು ಹೊಗೆಯೊಂದೇ ಇದ್ದರೆ ಅವನು ಮೊದಲು ನೋಡುವುದು ನೋಝಲ್, ಪಂಪ್ ಮತ್ತು ಏರ್ ಫಿಲ್ಟರ್. ಬಿಚ್ಚುವ ಮೊದಲು ಕಾಯಿಲೆ ಯಾವುದೆಂದು ತಿಳಿದಿರಬೇಕು.

ತುಮಕೂರು, ಶಿರಾ, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿಯಂಥ ಹೆದ್ದಾರಿ ಊರುಗಳ ಅಂಚಿನಲ್ಲಿ ಮನೆಗೆ ಒತ್ತಿಕೊಂಡ ತಗಡಿನ ಶೆಡ್ಡುಗಳಿವೆ. ಮುಂದೆ ಲಾರಿ, ಹಿಂದೆ ಅಡುಗೆಮನೆ. ಮೂರು ಕಬ್ಬಿಣದ ಪೈಪುಗಳ ಮುಕ್ಕಾಲಿ, ಅದಕ್ಕೆ ನೇತುಹಾಕಿದ ಚೈನ್ ಪುಲ್ಲಿ, ಸ್ಪ್ಯಾನರ್ ಸೆಟ್ಟು, ಡೀಸೆಲ್ ತುಂಬಿದ ತೊಟ್ಟಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಅಳತೆಯ ಉಪಕರಣಗಳು. ನಾಲ್ಕು ಕ್ವಿಂಟಾಲಿಗೂ ಹೆಚ್ಚು ತೂಗುವ ಆರು ಸಿಲಿಂಡರಿನ ಇಂಜಿನ್ನನ್ನು ಕೆಳಗಿಳಿಸಿ, ಕೊನೆಯ ಬೋಲ್ಟಿನವರೆಗೆ ಬಿಚ್ಚಿ, ಮತ್ತೆ ಕಟ್ಟಿ ಕೂರಿಸಲು ಇಷ್ಟೇ ಸಾಮಗ್ರಿ ಸಾಕಾಗುತ್ತದೆ. ಉಳಿದದ್ದು ಕೈಯ ಅನುಭವ ಮತ್ತು ಅಳತೆಯ ಶಿಸ್ತು.

ಈ ಶೆಡ್ಡುಗಳ ವಿದ್ಯೆ ಬೆಳೆದದ್ದು ಮುಖ್ಯವಾಗಿ ಟಾಟಾ ಮತ್ತು ಲೇಲ್ಯಾಂಡ್ ಗಾಡಿಗಳ ಮೇಲೆ. 1954ರಲ್ಲಿ ಜಮ್‌ಶೆಡ್‌ಪುರದ ಟಾಟಾ ಕಂಪನಿ ಟೆಲ್ಕೊ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸತೊಡಗಿತು. ಆ ಒಪ್ಪಂದ 1969ಕ್ಕೆ ಮುಗಿದರೂ ಬೆಂಜ್ ಮೂಲದ ಇಂಜಿನ್ನು ದಶಕಗಳ ಕಾಲ ನಮ್ಮ ರಸ್ತೆಗಳಲ್ಲಿ ಓಡಿತು. ಟಾಟಾ 697 ಎಂದರೆ ಆರು ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), ಹೆಸರಿನಲ್ಲೇ ಅಳತೆ ಇದೆ. 1990ರ ದಶಕದಲ್ಲಿ ಕಮಿನ್ಸ್ 6ಬಿಟಿ ಇಂಜಿನ್ ಬಂದಾಗ ಮೇಸ್ತ್ರಿಗಳು ಅದನ್ನೂ ಕಲಿತರು. ಅದರಲ್ಲಿ ಲೈನರ್ ಇಲ್ಲ, ಪಿಸ್ಟನ್ ಓಡುವುದು ನೇರವಾಗಿ ಬ್ಲಾಕಿನೊಳಗೇ. ಲೈನರ್ ಇರುವ ಇಂಜಿನ್ನಾದರೆ ಸವೆದದ್ದನ್ನು ತೆಗೆದು ಹೊಸದು ಕೂರಿಸಬಹುದು. 6ಬಿಟಿಯಲ್ಲಿ ಬ್ಲಾಕನ್ನೇ ಕೊರೆಸಿ 0.5 ಅಥವಾ 1 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಬೇಕು.

ಕೆಳಗಿಳಿಸುವ ಕೆಲಸಕ್ಕೆ ತಾಳ್ಮೆ ಬೇಕು. ನೀರು, ಆಯಿಲ್ ಬಸಿದು, ರೇಡಿಯೇಟರ್ ತೆಗೆದು, ಡೀಸೆಲ್ ಪೈಪು ಕಳಚಿದ ಕೂಡಲೇ ಅದರ ಬಾಯಿಗೆ ಶುದ್ಧ ಬಟ್ಟೆ ಕಟ್ಟಬೇಕು; ಒಂದು ಚಿಟಿಕೆ ಮರಳು ಪಂಪನ್ನು ಕೆಡಿಸಬಲ್ಲದು. ಚೈನಿನಲ್ಲಿ ತೂಗಾಡುವ ಇಂಜಿನ್ನಿನ ಕೆಳಗೆ ಕೈ ಕಾಲು ಇಡಬಾರದು. ಇದನ್ನು ಹೊಸ ಹುಡುಗರಿಗೆ ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಬಿಚ್ಚುತ್ತಾ ಹೋದಂತೆ ಗಾಡಿ ಹೇಗೆ ಓಡಿದೆ ಎಂಬುದೆಲ್ಲ ಎದುರಿಗೆ ಬರುತ್ತದೆ. ನನಗೆ ಈ ಕಸುಬಿನಲ್ಲಿ ಅತ್ಯಂತ ಬೆರಗು ಹುಟ್ಟಿಸುವ ಘಟ್ಟ ಇದೇ. ಬೇರಿಂಗಿನ ಮೇಲ್ಪದರ ಸವೆದು ತಾಮ್ರದ ಬಣ್ಣ ಕಂಡರೆ ಆಯುಷ್ಯ ಮುಗಿದಿದೆ. ಉದ್ದಕ್ಕೂ ಗೀರುಗಳಿದ್ದರೆ ಆಯಿಲ್‌ನಲ್ಲಿ ಕಸ ಹೊರಳಿದೆ, ಅಂದರೆ ಫಿಲ್ಟರ್ ಸಕಾಲದಲ್ಲಿ ಬದಲಾಗಿಲ್ಲ. ಪಿಸ್ಟನ್ ತಲೆ ಒಂದೇ ಸಿಲಿಂಡರಿನಲ್ಲಿ ಸುಟ್ಟಿದ್ದರೆ ಆ ಸಿಲಿಂಡರಿನ ನೋಝಲ್ ಮೇಲೆ ಅನುಮಾನ. ಒಳಗಡೆ ಎಲ್ಲೆಡೆ ನುಣ್ಣನೆ ಸವೆತವಿದ್ದರೆ ದೂಳು ಏರ್ ಫಿಲ್ಟರ್ ದಾಟಿ ಬಂದಿದೆ. ಕಾರಣ ತಿಳಿಯದೆ ಬರೀ ಹೊಸ ಸಾಮಾನು ಹಾಕಿದರೆ ಅದೇ ಕಾಯಿಲೆ ಮತ್ತೆ ಬರುತ್ತದೆ. ಬೇರಿಂಗ್ ಕ್ಯಾಪುಗಳಿಗೆ ನಂಬರ್ ಇರುತ್ತದೆ. ಅವನ್ನು ಬ್ಲಾಕಿಗೆ ಬಿಗಿದೇ ಒಟ್ಟಿಗೆ ಕೊರೆದಿರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿಲ್ಲ.

ಆಮೇಲೆ ಅಳತೆ. ಬೋರಿನ ಮೇಲ್ತುದಿಯಲ್ಲಿ ರಿಂಗು ತಲುಪದ ಜಾಗ ಸವೆಯದೆ ಉಳಿದು ಒಂದು ಮೆಟ್ಟಿಲಾಗಿರುತ್ತದೆ, ಉಗುರಿಗೇ ತಾಕುತ್ತದೆ. ಆದರೆ ಉಗುರಿನ ಲೆಕ್ಕ ಸಾಲದು. ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಎಂದು ಅಡ್ಡಕ್ಕೂ ಉದ್ದಕ್ಕೂ ನೋಡಬೇಕು. ಪಿಸ್ಟನ್ ಒಂದು ಪಕ್ಕಕ್ಕೆ ಹೆಚ್ಚು ಒತ್ತುವುದರಿಂದ ದುಂಡಗಿದ್ದ ಬೋರು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕ್ರ್ಯಾಂಕಿಗೆ ಮೈಕ್ರೋಮೀಟರ್. ಇಲ್ಲಿ ಮಾತು ಮಿಲಿಮೀಟರಿನ ನೂರನೇ ಒಂದು ಭಾಗದಲ್ಲಿ.

ಬೋರು ಕೊರೆಯುವುದು, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಮನೆ ಶೆಡ್ಡಿನಲ್ಲಿ ಆಗುವ ಕೆಲಸಗಳಲ್ಲ. ಅವು ದೊಡ್ಡ ಯಂತ್ರಗಳಿರುವ ಲೇತ್ ಅಂಗಡಿಗೆ ಹೋಗುತ್ತವೆ. ಪಂಪು ಮತ್ತು ನೋಝಲ್ ಟೆಸ್ಟ್ ಬೆಂಚ್ ಇರುವ ಪಂಪ್ ಅಂಗಡಿಗೆ. 1950ರ ದಶಕದಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ತೆರೆದ ಮೈಕೋ ದೇಶದ ಲಾರಿಗಳಿಗೆ ಇಂಜೆಕ್ಷನ್ ಪಂಪು ಒದಗಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾದರೂ ಹಳೆ ಮೇಸ್ತ್ರಿಗಳ ಬಾಯಲ್ಲಿ ಅದು ಮೈಕೋ ಪಂಪೇ.

ಲೇತಿನಿಂದ ಬಂದ ಬ್ಲಾಕು ಫಳಫಳ ಹೊಳೆಯುತ್ತಿರುತ್ತದೆ, ಆದರೆ ಸ್ವಚ್ಛವಾಗಿರುವುದಿಲ್ಲ. ಹೋನಿಂಗ್ ಕಲ್ಲಿನ ಪುಡಿ ಬೋರಿನ ಗೆರೆಗಳಲ್ಲಿ ಕೂತಿರುತ್ತದೆ, ಡೀಸೆಲ್ಲಿನಿಂದ ಒರೆಸಿದರೆ ಪೂರ್ತಿ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್ಷು ಹಿಡಿದು ಉಜ್ಜಿ, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಹತ್ತದಷ್ಟು ತೊಳೆದು, ಕೂಡಲೇ ಆಯಿಲ್ ಸವರಬೇಕು. ಆಯಿಲ್ ಹರಿಯುವ ರಂಧ್ರಗಳೊಳಗೂ ಬ್ರಷ್ಷು ಹಾಯಬೇಕು. ತೊಳೆಯುವುದು ಹುಡುಗರ ಕೆಲಸ ಎಂಬ ತಾತ್ಸಾರ ಕೆಲವೆಡೆ ಇದೆ. ಬೇಗ ಕೆಟ್ಟ ಎಷ್ಟೋ ಇಂಜಿನ್ನುಗಳ ಮೂಲ ಆ ತಾತ್ಸಾರದಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಟ್ಟುವಾಗ ಪ್ರತಿ ರಿಂಗನ್ನೂ ಬೋರಿನೊಳಗಿಟ್ಟು ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡುತ್ತಾರೆ. ಸಂದು ತೀರಾ ಕಡಿಮೆಯಾದರೆ ಕಾವಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ತಾಗಿ ರಿಂಗು ಮುರಿಯುತ್ತದೆ, ಬೋರನ್ನೂ ಗೀರುತ್ತದೆ. ಕ್ರ್ಯಾಂಕ್ ಕೂರಿಸಿ ಕ್ಯಾಪು ಬಿಗಿದ ಮೇಲೆ ಅದು ಕೈಯಲ್ಲೇ ತಿರುಗಬೇಕು. ಹೆಡ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು. ‘ಕೈಗೇ ಗೊತ್ತಾಗುತ್ತದೆ’ ಎನ್ನುವವರಿದ್ದಾರೆ. ಅವರ ಅನುಭವಕ್ಕೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಹೆಡ್ ಗ್ಯಾಸ್ಕೆಟ್ ವಿಷಯದಲ್ಲಿ ಕೈಯನ್ನು ನಂಬಬಾರದು. ಟೈಮಿಂಗ್ ಗೇರುಗಳ ಗುರುತು ಕೂಡಿಸಿ, ಟ್ಯಾಪೆಟ್ ಸಂದು ಇಡುತ್ತಾರೆ: 6ಬಿಟಿಗೆ ತಣ್ಣಗಿರುವಾಗ ಇನ್‌ಲೆಟ್ 0.25, ಎಕ್ಸಾಸ್ಟ್ 0.50 ಮಿ.ಮೀ.

ಇಂಜಿನ್ ಮತ್ತೆ ಛಾಸಿಯ ಮೇಲೆ ಕೂತ ದಿನ ಕೀಲಿ ತಿರುಗಿಸಲು ಆತುರ ಎಲ್ಲರಿಗೂ ಇರುತ್ತದೆ. ಆದರೆ ಮೊದಲು ಡೀಸೆಲ್ ಬರದಂತೆ ನಿಲ್ಲಿಸಿ, ಗೇಜಿನಲ್ಲಿ ಆಯಿಲ್ ಪ್ರೆಷರ್ ಏಳುವವರೆಗೆ ಬಿಟ್ಟುಬಿಟ್ಟು ಸೆಲ್ಫ್ ಹೊಡೆಯಬೇಕು. ಪೈಪಿನ ಗಾಳಿ ತೆಗೆದು ಸ್ಟಾರ್ಟ್ ಮಾಡಿದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬಾರದು; ಬೋರು ನುಣುಪುಗಟ್ಟಿ ರಿಂಗು ಕೂರುವುದಿಲ್ಲ. ಹದವಾದ ಲೋಡಿನಲ್ಲಿ ಓಡಿಸಿ, ಮೊದಲ ಆಯಿಲನ್ನು ಬೇಗ ಬದಲಿಸಬೇಕು. ಬಸಿದ ಆಯಿಲನ್ನು ಹಿತ್ತಲಿಗೆ ಸುರಿಯುವ ಅಭ್ಯಾಸವನ್ನು ಶೆಡ್ಡುಗಳು ಬಿಡಲೇಬೇಕು, ಅದು ಬಾವಿಯ ನೀರಿಗೆ ವಿಷ.

2020ರ ಏಪ್ರಿಲ್ 1ರಿಂದ ಮಾರಾಟವಾಗುವ ಹೊಸ ಲಾರಿಗಳೆಲ್ಲ ಬಿಎಸ್-6 ಮಾಲಿನ್ಯ ಮಾನದಂಡದವು. ಇವುಗಳಲ್ಲಿ ಡೀಸೆಲ್ ಚಿಮ್ಮುವುದನ್ನು ನಿಯಂತ್ರಿಸುವುದು ಎಲೆಕ್ಟ್ರಾನಿಕ್ ಯೂನಿಟ್, ದೋಷ ಹುಡುಕಲು ಸ್ಕ್ಯಾನರ್ ಬೇಕು. ಮುಕ್ಕಾಲಿ, ಚೈನ್ ಪುಲ್ಲಿ ಮಾತ್ರ ನೆಚ್ಚಿಕೊಂಡ ಶೆಡ್ಡಿಗೆ ಇದು ಕಷ್ಟದ ಕಾಲ. ಆದರೂ ಒಳಗೆ ಸವೆಯುವುದು ಅದೇ ಪಿಸ್ಟನ್, ಅದೇ ರಿಂಗು, ಅದೇ ಬೇರಿಂಗು. ಮೈಕ್ರೋಮೀಟರ್ ಓದಬಲ್ಲ ಕೈಗೆ ಸ್ಕ್ಯಾನರ್ ಕಲಿಸುವ ತರಬೇತಿ ತಾಲ್ಲೂಕು ಐಟಿಐಗಳಲ್ಲಿ ಸಂಜೆ ಹೊತ್ತು ಸಿಗುವಂತಾಗಬೇಕು.

ಲಾರಿ ಮಾಲೀಕರಲ್ಲಿ ಒಂದು ಕೋರಿಕೆ. ಇಂಜಿನ್ ಮಾಡಿಸಿದಾಗ ಬರೀ ಮೊತ್ತದ ಚೀಟಿ ತೆಗೆದುಕೊಂಡು ಹೊರಡಬೇಡಿ. ಬೋರು ಎಷ್ಟು ಓವರ್‌ಸೈಜ್, ಕ್ರ್ಯಾಂಕ್ ಎಷ್ಟು ಅಂಡರ್‌ಸೈಜ್, ಪಂಪ್ ಯಾವ ತಾರೀಖು ಸೆಟ್ ಆಯಿತು ಎಂದು ಮೇಸ್ತ್ರಿಯಿಂದಲೇ ಬರೆಸಿ ಆರ್‌ಸಿ ಜೊತೆ ಇಟ್ಟುಕೊಳ್ಳಿ. ಮುಂದೆ ಆ ಇಂಜಿನ್ ಬಿಚ್ಚುವವನಿಗೆ ಮೊದಲು ಬೇಕಾಗುವುದು ಆ ಚೀಟಿಯೇ.